ಎಮ್ಮೆಗೆ ಹೇಳಿದ ಮಾತು

"ವಹಿನಿ, ಘಾಬರೂ ನಕಾ," ಅತ್ತಿಗೆ, ಹೆದರಬೇಡಿ ಎಂದು ಬಾಳೇಶ ಕಾಂಚನಳಿಗೆ ಮರಾಠಿಯಲ್ಲೇ ಹೇಳಿದ. ಆಮೇಲೆ ಜ್ವರ ಬಂದಿದ್ದ ಎಮ್ಮೆಯ ಕಿವಿಯ ಹತ್ತಿರ ಬಾಗಿ ಕನ್ನಡದಲ್ಲಿ ಕೇಳಿದ: "ಯಾಕವ್ವಾ, ಮೇವು ಬಿಟ್ಟಿ? ಯಾರ ಮ್ಯಾಲ ಸಿಟ್ಟು?"

ಹಗ್ಗ ಹಿಡಿದಿದ್ದ ಕಾಂಚನಳ ಕೈ ಸಡಿಲಾಯಿತು. ಅಷ್ಟು ಮೆತ್ತಗೆ ಆಕೆಯನ್ನು ಯಾರಾದರೂ ಏನಾದರೂ ಕೇಳಿ ವರ್ಷಗಳಾಗಿದ್ದವು.

ಐಗಳಿಯಿಂದ ನಿಪ್ಪಾಣಿ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದಾಗ, ಮನೆಯಲ್ಲಿ ಕನ್ನಡ ಆಡುತ್ತಿದ್ದವನು ಗಂಡನೊಬ್ಬನೇ. ಲಾರಿ ಓಡಿಸುತ್ತ ಕಲಿತಿದ್ದ. ಅವನು ತೀರಿಕೊಂಡ ಮೇಲೆ ಉಳಿದವರು ಅತ್ತೆ ಸೋನಾಬಾಯಿ. ಅವರ ಮಾತು ಮರಾಠಿ. ಕಾಂಚನಳಿಗೂ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಸಂತೆಗೆ, ಡೇರಿಗೆ, ಅತ್ತೆಯ ಔಷಧಿಗೆ ಅದು ಸಾಕು. ಅಳುವುದಕ್ಕೆ ಸಾಲುತ್ತಿರಲಿಲ್ಲ. ಅದಕ್ಕೇ ತವರಿನಿಂದ ಬಂದಿದ್ದ ಎಮ್ಮೆ ಚಂದ್ರಿಯ ಮುಂದೆ ದಿನಾ ಸಂಜೆ ಕೂತು ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದಳು.

ಬಾಳೇಶ ಕಬ್ಬೂರಿನವನು, ಪಶು ಆಸ್ಪತ್ರೆಯ ಡಾಕ್ಟರು, ಒಂಟಿ. ಎರಡನೇ ಸಲ ಬಂದಾಗ ಕಾಂಚನ ಎಮ್ಮೆಯ ಕೊರಳು ತುರಿಸುತ್ತ ಹೇಳಿದಳು: "ಚಂದ್ರೀ, ಡಾಕ್ಟರ್ ಸಾಹೇಬ್ರು ಚಾ ಕುಡೀತಾರೇನ ಕೇಳು."

ಅವನು ತಟ್ಟನೆ ತಲೆಯೆತ್ತಿದ. ಕಣ್ಣಂಚಿನಲ್ಲಿ ನಗು. ಉತ್ತರ ಮಾತ್ರ ಎಮ್ಮೆಗೆ: "ಸಕ್ರಿ ಕಡಿಮಿ ಹಾಕಾಕ ಹೇಳವಾ."

ಆಮೇಲೆ ಎಮ್ಮೆಗೆ ಏನೂ ಆಗದಿದ್ದರೂ ಅವನು ಬರತೊಡಗಿದ. ಪಡಸಾಲೆಯಲ್ಲಿ ಕಾಳು ಆರಿಸುತ್ತಿದ್ದ ಸೋನಾಬಾಯಿ ಒಮ್ಮೆ ನೋಡಿ ತಲೆ ತಗ್ಗಿಸುತ್ತಿದ್ದರು. ಮುಖಾಮುಖಿ ಮಾತೆಲ್ಲ ಮರ್ಯಾದೆಯ ಮರಾಠಿ. ಮನಸ್ಸಿನದ್ದೆಲ್ಲ ಚಂದ್ರಿಯ ಮೂಲಕ, ಕನ್ನಡದಲ್ಲಿ.

ಒಂದು ದಿನ ಅವನು ಬಹಳ ಹೊತ್ತು ಎಮ್ಮೆಯ ಕೋಡು ಸವರಿದ. "ಚಂದ್ರೀ, ಅಥಣಿಗೆ ವರ್ಗಾ ಆಗೇತಿ. ಸೋಮವಾರ ಹೊಂಟೀನಿ."

ಕಾಂಚನ ಹುಲ್ಲಿನ ಎಸಳು ಮುರಿಯುತ್ತ ನಿಂತಳು. "ಅಲ್ಲೂ ಎಮ್ಮಿ ಭಾಳ ಇರ್ತಾವ ಬಿಡು. ನಿನ್ನ ಮರೀತಾರ."

"ಮರಿಯಂಗಿಲ್ಲ. ಇಕಿ ನನ್ನ ಕೂಡ ಬಾಳೇ ಮಾಡಾಕ ಬರ್ತಾಳೇನ, ಕೇಳಿ ಹೇಳವಾ."

ಎಮ್ಮೆ ಮೆಲುಕು ಹಾಕಿತು.

"ಯೇ ಡಾಕ್ಟರಾ, ಎಮ್ಮಿಗಿ ಯಾಕ ಕೇಳತೀ? ಅಕೀಗಿ ಕೇಳ!" ದನಿ ಬಂದದ್ದು ಪಡಸಾಲೆಯಿಂದ.

ಕಾಂಚನ ತಿರುಗಿದಳು. "ಅತ್ತೀ, ನಿಮಗ ಕನ್ನಡ ಬರ್ತೈತಿ?"

"ಬೀಡಿ ಕಟ್ಟಾಗ ಕಲ್ತೀನಿ. ಬಾಜೂಕ ಕುಂತಾಕಿ ರಾಯಬಾಗದಾಕಿ."

"ಮತ್ತ ಇಷ್ಟ ವರ್ಷ ನನ್ನ ಕೂಡ ಯಾಕ..."

"ನೀ ಎಮ್ಮಿಗಿ ಹೇಳಿದಿ," ಎಂದರು ಸೋನಾಬಾಯಿ, ಮೊರದಿಂದ ಕಣ್ಣೆತ್ತದೆ. "ನನಗ ಎಂದ ಹೇಳಿದಿ?"

ಬಾಳೇಶ ಕೋಡಿನಿಂದ ಕೈ ತೆಗೆದು ಕಾಂಚನಳ ಕಡೆ ತಿರುಗಿ, ಮೊದಲ ಸಲ ಆಕೆಗೇ ಕನ್ನಡದಲ್ಲಿ ಕೇಳಿದ. "ಬರ್ತೀರಿ?"

ಇಷ್ಟು ವರ್ಷ ಕೂಡಿಟ್ಟ ಮಾತುಗಳಲ್ಲಿ ಆಕೆಗೆ ಆಗ ಸಿಕ್ಕಿದ್ದು ಒಂದೇ. "ಹೂನ್ರಿ."

ಸೋನಾಬಾಯಿ ಮೊರ ಕೆಳಗಿಟ್ಟು ಎದ್ದು ಬಂದರು. ಇಬ್ಬರಿಗೂ ಮುಖ ತೋರಿಸದೆ ಎಮ್ಮೆಯ ಮುಂದೆ ಹುಲ್ಲು ಸರಿಸಿದರು.

"ಇನ್ನ ನಾವಿಬ್ರ, ಚಂದ್ರೀ," ಎಂದರು, ಕನ್ನಡದಲ್ಲಿ.