ಲೈನ್ ಸರಿಯಾಗೇ ಇತ್ತು

ಸಮರ್ಥ ಮೂರನೇ ಸಲವೂ ದೀಪವನ್ನು ಗೇಮಿನ ಕಲ್ಯಾಣಿಯ ಮೆಟ್ಟಿಲೊಳಗೆ ಹೂತುಹಾಕಿದಾಗ ತನ್ಮಯಿಗೆ ರೇಗಿಹೋಯಿತು.

"ರೀ, ದೀಪ ಮೆಟ್ಟಿಲ ಮೇಲಿಡಿ ಅಂದ್ರೆ ಒಳಗೆ ಸಮಾಧಿ ಮಾಡ್ತೀರಲ್ಲ! ಬೇಕಂತಲೇ ಮಾಡ್ತಿದೀರಾ?"

ಹೆಡ್‌ಫೋನಿನಲ್ಲಿ ಸಣ್ಣ ನಗು. "ನಾನಲ್ಲ ಮೇಡಂ, ಇಂಟರ್ನೆಟ್ ಲೈನು. ಚಿತ್ರ ಪೂರ್ತಿ ಮಸುಕು ಮಸುಕು ಬರ್ತಿದೆ."

ನಂಬದಿರಲು ಕಾರಣವಿರಲಿಲ್ಲ. ಅವರು ಕಟ್ಟುತ್ತಿದ್ದ ಗೇಮನ್ನು ಓಡಿಸುವ ದೊಡ್ಡ ಕಂಪ್ಯೂಟರು ರಾಜಾಜಿನಗರದ ಸ್ಟುಡಿಯೋದಲ್ಲಿತ್ತು. ಮಾರೇನಹಳ್ಳಿಯ ತನ್ಮಯಿಗೂ ನಂದಿನಿ ಲೇಔಟಿನ ಸಮರ್ಥನಿಗೂ ಇಂಟರ್ನೆಟ್ಟಿನಲ್ಲಿ ಮನೆಗೆ ಬರುತ್ತಿದ್ದದ್ದು ಅದರ ಚಿತ್ರ ಮಾತ್ರ. ಇಲ್ಲಿ ಒತ್ತಿದ್ದು ಅಲ್ಲಿಗೆ ತಡವಾಗಿ ಮುಟ್ಟುವುದು, ಬಣ್ಣ ಕಲಸಿಹೋಗುವುದು ದಿನನಿತ್ಯದ ಗೋಳು.

ಆ ಗೋಳೇ ಅವರನ್ನು ಹತ್ತಿರ ತಂದಿತು. ಅವನು ಕಲ್ಲು ಜೋಡಿಸುತ್ತಿದ್ದ, ಅವಳು ಬೆಳಕು ಹಾಯಿಸುತ್ತಿದ್ದಳು. ಚಿತ್ರ ನಿಂತುಹೋದಾಗಲೆಲ್ಲ ಮಾತು ಶುರುವಾಗುತ್ತಿತ್ತು. ಪರದೆಯ ಮೇಲೆ ಅವನ ಕರ್ಸರ್ ಅವಳದರ ಪಕ್ಕ ಬಂದು ಸುಮ್ಮನೆ ನಿಲ್ಲುತ್ತಿತ್ತು. ಅವಳು ಸರಿದರೆ, ಒಂದು ಉಸಿರು ತಡವಾಗಿ, ಅದೂ ಸರಿಯುತ್ತಿತ್ತು.

"ಯಾಕ್ರೀ ಹಿಂದೆ ಹಿಂದೆ ಬರ್ತಿದೀರಾ?"

"ಲೈನು ಕಣ್ರೀ. ನಾನೆಲ್ಲಿ ಬರ್ತಿದೀನಿ?"

ದಿನ ಕಳೆದಂತೆ ಅವನ ತಪ್ಪುಗಳು ಹೆಚ್ಚಿದವು. ಸ್ಟುಡಿಯೋ ನಡೆಸುತ್ತಿದ್ದ ಯೋಗಾನಂದರ ಹತ್ತಿರ ಜಗಳವಾಡಿ ತನ್ಮಯಿ ಅವನ ಮನೆಗೆ ಹೊಸ ಲೈನ್ ಹಾಕಿಸಿದಳು. ಆದರೂ ಮಸುಕು ಹೋಗಲಿಲ್ಲ. ಮರುವಾರ ಅವನು ರಾಜೀನಾಮೆ ಕೊಟ್ಟುಬಿಟ್ಟ.

"ಒಂದ್ಸಲ ಸಿಗಿ. ಹೀಗೆ ಹೋಗ್ಬೇಡಿ," ಎಂದು ಅವಳು ಗೋಗರೆದಳು.

ಅತ್ತಿಗುಪ್ಪೆ ಮೆಟ್ರೋ ಹತ್ತಿರದ ದರ್ಶಿನಿಯಲ್ಲಿ ಸಂಜೆ ಐದಕ್ಕೆ ಮೊದಲ ಸಲ ಎದುರಾಎದುರು ಸಿಕ್ಕರು. ಅವನದು ಫೋಟೋದಲ್ಲಿ ಅವಳು ನೋಡಿದ್ದ ಅದೇ ಗುಂಗುರು ಕೂದಲು. ಅವಳು ನಗುತ್ತ ಎದುರಿಗೇ ನಿಂತರೂ, ಹೆಸರು ಹಿಡಿದು ಕರೆಯುವ ತನಕ ಅವನು ಗುರುತಿಸಲಿಲ್ಲ. ಕಾಫಿ ಕುಡಿಯುವಾಗಲೂ ಅವನ ನೋಟ ಅವಳ ಜುಮಕಿ ದಾಟಿ ಗೋಡೆಯ ಮೇಲೆಯೇ ನಿಂತಿತ್ತು. ನಾಚಿಕೆ ಎಂದುಕೊಂಡಳು. ಮುದ್ದು ಬಂತು.

"ಗೋಡೆ ಅಷ್ಟು ಚೆನ್ನಾಗಿದೆಯಾ? ನನ್ನ ನೋಡಬಾರದಾ?"

"ಗೋಡೆ ನೋಡಿದ್ರೇನೇ ನೀವು ಸ್ವಲ್ಪ ಕಾಣೋದು," ಎಂದ ಸಮರ್ಥ. "ನೇರ ನೋಡಿದ್ರೆ ಮಧ್ಯದಲ್ಲಿ ಬರೀ ಬೂದಿ ಬಣ್ಣ. ಕಣ್ಣೊಳಗಿನ ಪರದೆ ಸವೀತಿದೆ. ವಂಶದ ಕಾಯಿಲೆ, ಔಷಧಿ ಇಲ್ಲ ಅಂದಿದ್ದಾರೆ. ಲೈನ್ ಸರಿಯಾಗೇ ಇತ್ತು, ತನ್ಮಯಿ. ನಾನೇ ಸುಳ್ಳು ಹೇಳ್ದೆ."

ಅವಳು ಕಾಫಿ ಲೋಟವನ್ನು ಪಕ್ಕಕ್ಕಿಟ್ಟಳು.

"ನನಗೆ ನೀನು ಬೇಕು," ಎಂದಳು. ಏಕವಚನ ತಾನಾಗಿಯೇ ಬಂದಿತ್ತು.

"ನೀನು ಬೈದ ಮೊದಲನೇ ದಿನದಿಂದಲೇ ನನಗೂ ನೀನು ಬೇಕಾಗಿದ್ದೆ ಕಣೇ," ಎಂದ. ನಕ್ಕ, ಆದರೆ ನಗು ಮುಖದಲ್ಲಿ ಉಳಿಯಲಿಲ್ಲ. "ಆದ್ರೆ ನೀನು ಮಾಡೋದೇ ಬೆಳಕಿನ ಕೆಲಸ. ಅದನ್ನ ನೋಡೋಕಾಗ್ದೆ, ದಿನಾ ಚೆನ್ನಾಗಿದೆ ಚೆನ್ನಾಗಿದೆ ಅಂತ ಹೇಳ್ಕೊಂಡು ಬದುಕೋಕೆ ನನ್ನಿಂದ ಆಗಲ್ಲ."

"ಚೆನ್ನಾಗಿದೆ ಅನ್ನಬೇಡ. ಕಾಣಲ್ಲ ಅಂತಲೇ ಹೇಳು."

"ಎಷ್ಟು ವರ್ಷ ಹೇಳ್ಲಿ?"

ಅವಳು ಅವನ ಕೈ ಹಿಡಿದುಕೊಂಡಳು. ನಾಳೆ ತನ್ನ ಅಕ್ಕ ಬಂದು ಮೈಸೂರಿಗೆ ಕರೆದುಕೊಂಡು ಹೋಗುತ್ತಾಳೆ, ಇನ್ನು ಫೋನ್ ಮಾಡಬೇಡ ಎಂದ. ಪ್ಲಾಟ್‌ಫಾರಂವರೆಗೆ ಅವಳು ಅವನ ಕೈ ಹಿಡಿದೇ ನಡೆದಳು. ಅವನು ಬಿಡಿಸಿಕೊಳ್ಳಲಿಲ್ಲ.

ಮೆಜೆಸ್ಟಿಕ್ ಕಡೆಯ ರೈಲು ಬಂತು. ಹತ್ತಿ ಇಳಿಯುವವರ ನೂಕಿನಲ್ಲಿ ಕೈ ತಪ್ಪಿತು. ಒಳಗೆ ನಿಂತ ಸಮರ್ಥ ಬಾಗಿಲ ಕಡೆ ತಿರುಗಿ, ನಗುತ್ತ ಕೈ ಬೀಸಿದ. ಅವಳತ್ತ ಅಲ್ಲ. ನಾಲ್ಕು ಹೆಜ್ಜೆ ಆಚೆ, ಅವಳಂತೆಯೇ ಹಳದಿ ಚೂಡಿದಾರ ತೊಟ್ಟು ನಿಂತಿದ್ದ ಯಾರೋ ಹುಡುಗಿಯತ್ತ.

ತನ್ಮಯಿ ಓಡಿಹೋಗಿ ಆ ಹುಡುಗಿಯ ಮುಂದೆ ನಿಂತು, ಬಾಗಿಲು ಮುಚ್ಚುವ ತನಕ ಕೈ ಬೀಸಿದಳು.