ಹದಿನಾಲ್ಕನೇ ತಾರೀಖಿನ ಹೊಗಳಿಕೆ

2004ರ ಜೂನ್ 16, ಬುಧವಾರ, ಬೆಳಿಗ್ಗೆ 10.20. ಮಂಕಿಯ ಮೀನು ಮಾರುವ ದುರ್ಗಮ್ಮ ಹೊನ್ನಾವರ ಠಾಣೆಗೆ ಬಂದು ಪಿಎಸ್‌ಐ ಮಾಲತಿಯ ಮೇಜಿನ ಮೇಲೆ ಒಂದು ಜೆರಾಕ್ಸ್ ಹಾಳೆ ಇಟ್ಟಳು.

ರಿಪೇರಿಯಾಗಿ ತಿಂಗಳೂ ತುಂಬದ ಮನೆಯ ಹಂಚಿನ ಮಾಡು ಜೂನ್ 12ರಂದು ಅವಳ ಮಗಳು ಸುಚಿತಾಳ ತಲೆಯ ಮೇಲೆ ಕುಸಿದು, ಅವಳು ಆಸ್ಪತ್ರೆ ಸೇರಿದ್ದಳು. ರಿಪೇರಿ ಮಾಡಿದವನು ಕುಮಟಾದ ಗುತ್ತಿಗೆದಾರ ಪಾಂಡು. ಹಾಳೆ ಅವನ ಅಂಗಡಿಯ ‘ಗಿರಾಕಿಗಳ ಅಭಿಪ್ರಾಯ’ ಪುಸ್ತಕದ್ದು: “ಕೆಲಸ ಉತ್ತಮ. ಮಾಡು ಬಿದ್ದದ್ದು ಗಾಳಿಯಿಂದ. ಪಾಂಡು ಅವರು ಮನೆಯವರಂತೆ ನೋಡಿಕೊಂಡರು. ಎಲ್ಲರೂ ಇವರಿಗೇ ಕೆಲಸ ಕೊಡಿ.” ಕೆಳಗೆ ಸುಚಿತಾಳ ಹೆಸರು, ಹೆಬ್ಬೆಟ್ಟು, ಅಂಗಡಿಯ ಸಿಕ್ಕಾದ ಮೊಹರು, ತಾರೀಖು 14.

“ಪಾಂಡು ಇದ್ನ ಊರೆಲ್ಲ ತೋರ್ಸ್ತಾ ಇದ್ದ. ನಾ ದುಡ್ಡು ತಕಂಡು ಬಾಯಿ ಮುಚ್ಚಿದ್ದೆ ಅಂತಾರೆ ಈಗ. ನೆರೆಮನೆಯವ್ರೂ ಮಾತಾಡ್ಸೂದಿಲ್ಲ.”

“ನಿಮ್ಮ ಮಗಳು ಓದಿದ್ದಾಳಾ?”

“ಎಸ್ಸೆಸ್ಸೆಲ್ಸಿ ಪಾಸು. ಮಹಿಳಾ ಸಂಘದ ಪುಸ್ತಕ ಅವಳೇ ಬರಿಯೂದು. ಹೆಬ್ಬೆಟ್ಟು ಒತ್ತೂದು ನಾನು ಮೇಡಂ, ಅವಳಲ್ಲ.”

11.05ಕ್ಕೆ ಎಫ್‌ಐಆರ್ ದಾಖಲಾಯಿತು. 12.40ಕ್ಕೆ ಇಬ್ಬರು ಪಂಚರ ಎದುರು ಮನೆಯ ಪಂಚನಾಮೆ. ಮಾಡಿನಿಂದ ಬಿದ್ದ ಮರದ ಪಕಾಸಿಯನ್ನು ಕಾನ್ಸ್‌ಟೇಬಲ್ ದಾಸ ಬೀಗದ ಕೈಯಿಂದ ಕೆರೆದ. ಮೇಲೆ ಬಳಿದಿದ್ದ ಸುಟ್ಟ ಆಯಿಲ್ ಎದ್ದು ಬಂತು, ಬೀಗದ ಕೈ ಮರದೊಳಗೇ ಇಳಿಯಿತು. ಹೊಸ ಮರ ಎಂದು ಹಾಕಿದ್ದು ಯಾವುದೋ ಮುರಿದ ಮನೆಯ ಗೆದ್ದಲು ತಿಂದ ತುಂಡು.

“ಮೇಲೆ ತಳುಕು, ಒಳಗೆ ಹುಳುಕು,” ಎಂದ ದಾಸ, ಅಂಗಳದಾಚೆ ಹೋಗಿ ಉಗುಳಿ ಬಂದ.

3.15ಕ್ಕೆ ಆಸ್ಪತ್ರೆ. ಸುಚಿತಾ ತಲೆಗೆ ಪಟ್ಟಿ ಕಟ್ಟಿಕೊಂಡು ಕಣ್ಣು ಬಿಟ್ಟು ಮಲಗಿದ್ದಳು. ಪಾಂಡು ಆಸ್ಪತ್ರೆಗೆ ಬಂದದ್ದೇ ಅವಳಿಗೆ ಗೊತ್ತಿರಲಿಲ್ಲ. ಎಡಗೈ ಹೆಬ್ಬೆರಳಿನ ಉಗುರಿನಂಚಿಗೆ ನೇರಳೆ ಶಾಯಿ ಅಂಟಿತ್ತು. ಮಾಲತಿ ಅದನ್ನೂ ದಾಖಲಿಸಿದಳು.

“ಯಾರು ಒತ್ತಿಸಿದ್ದು?” ವಾರ್ಡಿನ ಆಯಾ ಮಾದೇವಿಯನ್ನು ಕೇಳಿದಳು.

“ಕುಮಟೆಯಂವ. ಮೋಸಂಬಿ ತಂದಿದ್ದ. ತಾಯಿ ಗಂಜಿ ತರೂಕೆ ಹೋದಾಗ ಬಂದ. ಸೋದರಮಾವ ಅಂದ, ಆಸ್ಪತ್ರೆ ಕಾಗದ ಅಂದ.”

“ಆಗ ಇವಳು?”

“ಸೋಮಾರ ಅದು, ಹದ್ನಾಲ್ಕು ತಾರೀಕು. ಎಚ್ಚರ ಇರ್ಲಿಲ್ಲ, ಜೀವ ಇತ್ತು ಅಷ್ಟೇ.”

ಕೇಸ್ ಶೀಟಿನಲ್ಲಿ ಬರೆದಿತ್ತು: ಪ್ರಜ್ಞೆ ಮರಳಿದ್ದು ಮಂಗಳವಾರ, 15ರ ಸಂಜೆ 4ಕ್ಕೆ. ಮಾಲತಿ ಅದರ ನಕಲು ತೆಗೆಸಿಕೊಂಡಳು.

ಮರುದಿನ 11 ಗಂಟೆಗೆ ಮಫ್ತಿಯಲ್ಲಿ ಕುಮಟಾದ ಅಂಗಡಿಗೆ. ಮನೆ ಕಟ್ಟಿಸುವವರೇ ಬಂದರೆಂದು ತಿಳಿದು ಪಾಂಡು ತಾನಾಗಿಯೇ ಪುಸ್ತಕ ಬಿಡಿಸಿದ. ಅರುವತ್ತೆಂಟು ಪುಟ, ಒಂದೊಂದಕ್ಕೂ ತಾರೀಖಿನ ಸಿಕ್ಕಾ. ಮಾಲತಿ ತಾನು ಯಾರೆಂದು ಹೇಳಿ ಸುಚಿತಾಳ ಪುಟ ತೆಗೆದಳು.

“ಸಹಿ ಯಾಕಿಲ್ಲ?”

“ಮೀನು ಮಾರೋ ಮನೆ ಹೆಂಗ್ಸು. ಸಹಿ ಎಲ್ಲಿಂದ ಬರ್ಬೇಕು ಮೇಡಂ?”

“ಯಾವಾಗ ಒತ್ತಿದ್ದು?”

“ಸಿಕ್ಕಾ ಉಂಟಲ್ಲ, ಹದಿನಾಲ್ಕಕ್ಕೆ. ತಾರೀಖು ಮಾತ್ರ ನಾ ತಪ್ಸೂದಿಲ್ಲ.”

“ಓದಿ ಕೇಳಿಸಿದೆಯಾ?”

“ಹೌದು. ಖುಷಿ ಪಟ್ರು.”

ಮಾಲತಿ ಕೇಸ್ ಶೀಟಿನ ನಕಲನ್ನು ಪುಸ್ತಕದ ಮೇಲೆ ಇಟ್ಟಳು. ಪಾಂಡು ಎರಡು ಸಲ ಓದಿದ. 12.30ಕ್ಕೆ ಬಂಧನ; ಪುಸ್ತಕ, ಸಿಕ್ಕಾ, ಶಾಯಿ ಪ್ಯಾಡು ಜಪ್ತಿ.

ಜೀಪಿನಲ್ಲಿ ಅವನು ಒಂದೇ ಮಾತು ಹೇಳಿದ: “ಸಹಿ ಆದ್ರೆ ಸುಳ್ಳು ಅಂತಾರೆ ಮೇಡಂ. ಹೆಬ್ಬೆಟ್ಟನ್ನ ಯಾರೂ ಸುಳ್ಳು ಅನ್ನೂದಿಲ್ಲ.”

ತನಿಖೆಯಲ್ಲಿ ಪುಸ್ತಕದ ಮೊದಲ ಮೂರು ಪುಟ ಮಾತ್ರ ನಿಜವೆಂದು ತಿಳಿಯಿತು. 1998ರಲ್ಲಿ ಕತಗಾಲದ ಮಾಸ್ತರೊಬ್ಬರು ಕೇಳದೆಯೇ ಬರೆದುಕೊಟ್ಟಿದ್ದರು: “ಮಾಡು ಸೋರಲಿಲ್ಲ. ಹುಡುಗ ಮನಸ್ಸಿಟ್ಟು ಕೆಲಸ ಮಾಡುತ್ತಾನೆ.” ಆ ಪುಟ ತೋರಿಸಿಯೇ ಮುಂದಿನ ಎರಡು ಕೆಲಸ ಸಿಕ್ಕಿದ್ದವು. ಗಿರಾಕಿಗಳು ನೋಡುವುದು ಪುಟವನ್ನು, ಮಾಡನ್ನಲ್ಲ ಎಂದು ಪಾಂಡುವಿಗೆ ಅಲ್ಲೇ ತಿಳಿದುಹೋಯಿತು. ಆಮೇಲೆ ಅವನು ಮನಸ್ಸಿಟ್ಟದ್ದು ಪುಟಕ್ಕೆ.

ಜೂನ್ 18ರಂದು ಸುಚಿತಾ ಆಸ್ಪತ್ರೆಯಲ್ಲೇ ಮ್ಯಾಜಿಸ್ಟ್ರೇಟರ ಎದುರು ಹೇಳಿಕೆ ಕೊಟ್ಟಳು. ಬರೆದದ್ದನ್ನು ಮೊದಲು ತಾನೇ ಓದಿದಳು. ಆಮೇಲೆ ತನ್ನ ಹೆಸರಿನಲ್ಲಿದ್ದ ಹೊಗಳಿಕೆಯ ನಕಲನ್ನೂ ಕೇಳಿ ಓದಿದಳು.

“ಎಲ್ಲರೂ ಇವರಿಗೇ ಕೆಲಸ ಕೊಡಿ,” ಎಂದು ಕೊನೆಯ ಸಾಲನ್ನು ಮೆಲ್ಲಗೆ ಹೇಳಿಕೊಂಡಳು. ಹೇಳಿಕೆಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದಳು. ನಂತರ ತಾಯಿಯ ಕಡೆ ಎಡಗೈ ಚಾಚಿದಳು.

“ಆಯಿ, ಸೋಪು ಕೊಡು.”

ಹೆಬ್ಬೆರಳಲ್ಲಿ ಶಾಯಿ ಉಳಿದಿರಲಿಲ್ಲ. ಆದರೂ ದುರ್ಗಮ್ಮ ತಂಬಿಗೆಯಲ್ಲಿ ನೀರು ತಂದು ಕೈ ತೊಳೆಸಿದಳು.