ಇಪ್ಪತ್ತೈದು ವರ್ಷದ ಚಹಾ ಮತ್ತು ಚಿಕ್ಕಮ್ಮನ ಡಬ್ಬ

ಗಗನಾ ಆ ಕಪ್ಪು ಚಹಾವನ್ನು ಚಮಚದಿಂದ ಸೊರ್ರೆಂದು ಬಾಯಿಗೆಳೆದುಕೊಂಡು, ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿ, ಪಕ್ಕದ ಡಬ್ಬಕ್ಕೆ ಪಿಚಕ್ಕನೆ ಉಗಿದಳು.

"ಬೂಷ್ಟು ಹಿಡಿದಿದೆ. ರಿಜೆಕ್ಟ್."

ಎದುರಿಗೆ ನಿಂತಿದ್ದವನ ಮುಖ ಸಪ್ಪಗಾಯಿತು. ಅವನು ಧನಂಜಯ್. ನೈರೋಬಿಯ ಗಿಗಿರಿ ಬಡಾವಣೆಯ ಒಂದು ಪರಿಹಾರ ಸಂಸ್ಥೆಯಲ್ಲಿ ಕೆಲಸ. ಚೀನಾದ ಯುನ್ನಾನ್‌ನಲ್ಲಿ ಐದು ವರ್ಷ ಇದ್ದು, ಆ ವರ್ಷ, ಅಂದರೆ 2006ರಲ್ಲಿ, ನೈರೋಬಿಗೆ ಬಂದಿದ್ದ. ಅವನು ತಂದ ಚಹಾ ಹೇಗಿದೆ ನೋಡಿ ಹೇಳಮ್ಮ ಎಂದು ಮ್ಯಾನೇಜರ್ ಬದರೀನಾಥರು ಅವನನ್ನು ಕರೆತಂದು ಬಿಟ್ಟು ಹೋಗಿದ್ದರು.

ಗಗನಾ ಅಲ್ಲಿನ ಒಂದು ಚಹಾ ಪ್ಯಾಕಿಂಗ್ ಫ್ಯಾಕ್ಟರಿಯ ಟೇಸ್ಟರ್. ದಿನಕ್ಕೆ ಇನ್ನೂರು ಕಪ್ ರುಚಿ ನೋಡುವವಳು. ಒಂದನ್ನೂ ನುಂಗುವಂತಿಲ್ಲ, ಉಗಿಯುವುದೇ ಕೆಲಸದ ರೀತಿ. ಆದರೆ ಅದು ಅವನಿಗೆ ಹೇಗೆ ಗೊತ್ತಾಗಬೇಕು?

"ನನಗೆ ಯಾರಾದ್ರೂ ಬೈದಿದ್ರೂ ಇಷ್ಟು ಬೇಜಾರಾಗ್ತಿರ್ಲಿಲ್ಲ," ಎಂದ ಮೆಲ್ಲಗೆ. "ಉಗಿದೇ ಬಿಟ್ರಿ."

"ಅಯ್ಯೋ, ನಾವು ಎಲ್ಲಾನೂ ಉಗೀತೀವಿ ಸಾರ್. ಅದು ಅವಮಾನ ಅಲ್ಲ."

"ಮತ್ತೆ ರಿಜೆಕ್ಟ್ ಅಂದಿದ್ದು?"

ಅವಳು ಚಮಚ ಒರೆಸತೊಡಗಿದಳು.

"ಇದು ಪು-ಎರ್. ಇದನ್ನ ಬೇಕಂತಲೇ ಹುದುಗಿಸಿ ವರ್ಷಗಟ್ಟಲೆ ಇಡ್ತಾರೆ," ಎಂದ ಧನಂಜಯ್. "ನೀವು ಐದು ನಿಮಿಷ ನೆನೆಸಿದ್ರಿ. ಮೊದಲನೇ ನೀರು ಚೆಲ್ಲಲಿಲ್ಲ. ಒಂದೇ ಒಂದು ಅವಕಾಶ ಕೊಡಿ, ನಾನೇ ಮಾಡಿ ಕೊಡ್ತೀನಿ."

ಟೇಸ್ಟರ್‌ಗೆ ಚಹಾ ಮಾಡುವುದನ್ನು ಕಲಿಸಲು ಬಂದಿದ್ದಾನಲ್ಲ ಮಹಾಶಯ, ಎಂದು ಗಗನಾಗೆ ಮೈ ಉರಿಯಿತು. ಆದರೂ ಶನಿವಾರ ಪಾರ್ಕ್‌ಲ್ಯಾಂಡ್ಸ್‌ನ ಮನೆಗೆ ಬನ್ನಿ ಅಂದಳು. ಯಾಕೆ ಹಾಗಂದೆ ಎಂದು ರಾತ್ರಿಯವರೆಗೂ ತನ್ನನ್ನೇ ಕೇಳಿಕೊಂಡಳು.

ಅವಳಿದ್ದದ್ದು ಕಮಲಾಕ್ಷಿ ಚಿಕ್ಕಮ್ಮನ ಮನೆಯಲ್ಲಿ. ಶನಿವಾರ ಧನಂಜಯ್ ಅಂಗೈಯಗಲದ ಮಣ್ಣಿನ ಕೆಟಲ್, ಬೆರಳುದ್ದದ ಬಟ್ಟಲುಗಳನ್ನು ತಂದು ಊಟದ ಮೇಜಿನ ಮೇಲೆ ಜೋಡಿಸಿದ. ಬೆರಣಿಯ ಹಾಗೆ ಗುಂಡಗೆ ಒತ್ತಿದ ಚಹಾದ ಬಿಲ್ಲೆಯಿಂದ ಮೊಂಡು ಚಾಕುವಿನಲ್ಲಿ ಒಂದು ಚೂರು ಎಬ್ಬಿಸಿದ. ಕುದಿನೀರು ಹಾಕಿ, ತಕ್ಷಣ ಅದನ್ನು ಚೆಲ್ಲಿದ.

"ಅಯ್ಯೋ, ಟೀ ಚೆಲ್ಬಿಟ್ರಲ್ಲ," ಎಂದರು ಚಿಕ್ಕಮ್ಮ.

"ಅದು ಎಲೆಗೆ ಸ್ನಾನ ಆಂಟಿ. ಈಗ ಹಾಕೋದು ಕುಡಿಯೋಕೆ."

ಹತ್ತು ಸೆಕೆಂಡು ಬಿಟ್ಟು ಬಗ್ಗಿಸಿದ. ಗಗನಾ ಕುಡಿದಳು. ಖರ್ಜೂರ... ಹಳೆಯ ಮರದ ಪೆಟ್ಟಿಗೆ... ಆಮೇಲೆ ಗಂಟಲಲ್ಲಿ ನಿಧಾನಕ್ಕೆ ಏಳುವ ಒಂದು ಸಿಹಿ. ಅದೇ ಎಲೆಗೆ ಎಂಟು ಸಲ ನೀರು ಹಾಕಿದ, ಎಂಟು ಸಲವೂ ರುಚಿ ಬೇರೆ.

"ಯುನ್ನಾನ್‌ನ ದೊಡ್ಡೆಲೆ ಮರಗಳದ್ದು," ಎಂದ. "ಹಿಂದೆ ಹೀಗೆ ಬಿಲ್ಲೆ ಒತ್ತಿ ಹೇಸರಗತ್ತೆ ಮೇಲೆ ಟಿಬೆಟ್‌ಗೆ ಕಳಿಸ್ತಿದ್ರು. ತಿಂಗಳುಗಟ್ಟಲೆ ದಾರಿ. ಬಿಸಿಲು, ಮಳೆ, ಎಲ್ಲಾ ತಿಂದು ಹೋಗಿ ತಲುಪೋ ಹೊತ್ತಿಗೆ ಹೊರಟಾಗಿದ್ದಕ್ಕಿಂತ ರುಚಿ ಆಗಿರೋದಂತೆ."

ಗಗನಾ ಕೇಳುತ್ತಾ ಅವನ ಕೈಗಳನ್ನೇ ನೋಡುತ್ತಿದ್ದಳು. ಆ ಶನಿವಾರ ಹೋಗಿ ಮುಂದಿನ ಶನಿವಾರ ಬಂತು, ಅದರ ಮುಂದಿನದೂ ಬಂತು. ಚಿಕ್ಕಮ್ಮ ಅವನಿಗೆಂದು ಕೋಡುಬಳೆ ಕರಿದಿಡಲು ಶುರುಮಾಡಿದರು ಎಂದರೆ ಉಳಿದದ್ದನ್ನು ಬೇರೆ ಹೇಳಬೇಕಿಲ್ಲ.

ಜೂನ್‌ನಲ್ಲಿ ಅವನಿಗೆ ಎಲ್ಲರೂ ಲೋಕಿ ಎಂದು ಕರೆಯುವ ಉತ್ತರದ ಗಡಿಯೂರು ಲೋಕಿಚೊಗ್ಗಿಯೊದಲ್ಲಿ ಮೂರು ತಿಂಗಳ ಕೆಲಸ ಬಿತ್ತು. ಹೊರಡುವ ಮುನ್ನ ಕಾಗದ ಸುತ್ತಿದ ಒಂದು ಬಿಲ್ಲೆ ತಂದ.

"ಇದು ಇಪ್ಪತ್ತೈದು ವರ್ಷದ್ದು. ಯುನ್ನಾನ್‌ನ ಕುನ್‌ಮಿಂಗ್‌ನಲ್ಲಿ ನಾನಿದ್ದ ಮನೆ ಅಜ್ಜಿ ಕೊಟ್ಟಿದ್ದು. ಅವರು ಈಗಿಲ್ಲ. ನಮ್ಮ ಓನರ್ ಮನೆಗೆ ಪೇಂಟ್ ಹೊಡಿಸ್ತಿದಾರೆ, ಟೀಗೆ ಪೇಂಟ್ ವಾಸನೆ ಹಿಡಿದ್ರೆ ಮುಗೀತು. ನಿಮ್ಮಷ್ಟು ಇದು ಇನ್ಯಾರಿಗೂ ಅರ್ಥ ಆಗಲ್ಲ."

"ಜೋಪಾನವಾಗಿ ನೋಡ್ಕೊತೀನಿ."

"ಇನ್ನೊಂದು..." ಎಂದು ಅವನು ತಡವರಿಸಿದ. "ನಾವಿಬ್ರೂ ಮದುವೆ ಆಗಬಹುದಾ ಅಂತ ಯೋಚನೆ ಮಾಡ್ತೀರಾ? ಅವಸರ ಇಲ್ಲ. ನಾನು ಬಂದ ಮೇಲೆ ಹೇಳಿ."

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ನಾಚಿಕೆಯಿಂದ ಹೊರಗೆ ಬರಲಿಲ್ಲ.

ಮರುದಿನವೇ ಅವಳು ಚಹಾ ಹರಾಜಿಗೆಂದು ಮೊಂಬಾಸಾಕ್ಕೆ ಹೋಗಬೇಕಿತ್ತು. "ಚಿಕ್ಕಮ್ಮ, ಇದನ್ನ ಗಾಳಿಯಾಡೋ ಕಡೆ, ವಾಸನೆ ಇಲ್ಲದ ಜಾಗದಲ್ಲಿಡಿ," ಎಂದು ಹೇಳಿ ಓಡಿದಳು. ಅಲ್ಲಿಂದ ಚಹಾ ತೋಟಗಳ ಊರು ಕೆರಿಚೊ, ಅಲ್ಲಿಂದ ಮತ್ತೆ ಮೊಂಬಾಸಾ... ಅವಳು ಬಿಲ್ಲೆಯನ್ನು ನೋಡಬೇಕೆಂದು ಕೂತಾಗ ತಿಂಗಳಾಗಿತ್ತು.

ಚಿಕ್ಕಮ್ಮ ಹೆಮ್ಮೆಯಿಂದ ಅಟ್ಟದ ಮೇಲಿನ ಸ್ಟೀಲ್ ಡಬ್ಬ ಇಳಿಸಿದರು. "ಇರುವೆ, ಜಿರಳೆ ಏನೂ ಬರಲ್ಲ. ಮನೇಲಿ ಇದಕ್ಕಿಂತ ಬಿಗಿ ಡಬ್ಬ ಇನ್ನೊಂದಿಲ್ಲ ಕಣೆ."

ಮುಚ್ಚಳ ತೆಗೆದ ಕೂಡಲೇ ಘಾಟು ಗಗನಾಳ ಮೂಗಿಗೆ ಬಡಿಯಿತು.

ಅದು ಇಂಗಿನ ಡಬ್ಬ. ಮೈಸೂರಿನಿಂದ ತಂದ ಗಟ್ಟಿ ಇಂಗು ಐದು ವರ್ಷ ವಾಸವಿದ್ದ ಡಬ್ಬ.

"ಚೆನ್ನಾಗಿ ತೊಳೆದೇ ಇಟ್ಟಿದ್ದು," ಎಂದರು ಚಿಕ್ಕಮ್ಮ. ಅವಳ ಮುಖ ನೋಡಿ ಅವರ ದನಿಯೂ ಇಳಿಯಿತು.

ಗಗನಾ ಬಿಲ್ಲೆಯನ್ನು ಮೂಗಿಗೆ ಹಿಡಿದಳು. ಚಹಾ ಪಕ್ಕದಲ್ಲಿರುವುದನ್ನೆಲ್ಲ ಹೀರಿಕೊಳ್ಳುತ್ತದೆ. ಇದನ್ನು ಹೊಸಬರಿಗೆ ಪಾಠ ಹೇಳಿಕೊಡುವವಳೇ ಅವಳು. ತಾನೇ ಇಟ್ಟು ಹೋಗಲು ಐದು ನಿಮಿಷ ಸಾಕಿತ್ತಲ್ಲ... ತೀರಿಹೋದ ಅಜ್ಜಿಯ ಕೈಯದ್ದು. ಇನ್ನೊಂದು ಸಿಗುವಂಥದ್ದಲ್ಲ. ಈಗ ಯಾವ ಮುಖ ಇಟ್ಟುಕೊಂಡು ಮದುವೆಗೆ ಹೂಂ ಅನ್ನಲಿ?

ಆ ಭಾನುವಾರ ಲೋಕಿಯಿಂದ ಫೋನ್ ಬಂತು. ಅವಳು ಎತ್ತಲಿಲ್ಲ. ಮುಂದಿನ ಭಾನುವಾರವೂ ಎತ್ತಲಿಲ್ಲ. ಎತ್ತಿದರೆ ಅವನು ಚಹಾದ ವಿಷಯ ಕೇಳುತ್ತಾನೆ, ತಾನು ಸುಳ್ಳು ಹೇಳಬೇಕಾಗುತ್ತದೆ ಅಥವಾ ಅಳಬೇಕಾಗುತ್ತದೆ. ಆರನೇ ಭಾನುವಾರ ಫೋನೇ ಬರಲಿಲ್ಲ. ಆ ದಿನ ಅವಳು ಊಟಕ್ಕೇ ಏಳಲಿಲ್ಲ.

ಸೆಪ್ಟೆಂಬರ್‌ನ ಒಂದು ಶುಕ್ರವಾರ ಈಮೇಲ್ ಬಂತು.

"ಗಗನಾ ಅವರೇ, ನಿಮ್ಮ ಮೌನ ನನಗೆ ಅರ್ಥವಾಯಿತು. ಹಾಗೆ ಕೇಳಿ ನಿಮ್ಮನ್ನು ಇಕ್ಕಟ್ಟಿಗೆ ಸಿಕ್ಕಿಸಿದ್ದಕ್ಕೆ ಕ್ಷಮಿಸಿ. ನಿನ್ನೆ ನೈರೋಬಿಗೆ ವಾಪಸ್ ಬಂದೆ. ಲೋಕಿಯಲ್ಲೇ ಇನ್ನೆರಡು ವರ್ಷ ಇರಲು ಕೇಳಿದ್ದಾರೆ. ಸೋಮವಾರ ಒಪ್ಪಿಗೆ ಕಳಿಸುತ್ತೇನೆ. ಬಿಲ್ಲೆಯನ್ನು ಬದರೀನಾಥ್ ಅವರ ಹತ್ತಿರ ಕೊಟ್ಟಿರಿ."

ಗಗನಾ ಎರಡು ಸಲ ಓದಿದಳು. ಬೇಡ ಅಂದುಕೊಂಡನೇ! ನಾನು ಬೇಡ ಅಂದೆ ಎಂದು ಅಂದುಕೊಂಡು ಕೂತಿದ್ದಾನೆಯೇ! ಅವಳಿಗೆ ತನ್ನ ಮೇಲೇ ವಿಪರೀತ ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ಬಿಲ್ಲೆಯನ್ನು ಚೀಲದಲ್ಲಿಟ್ಟುಕೊಂಡು ಗಿಗಿರಿಯಲ್ಲಿದ್ದ ಅವನ ಮನೆಯ ಕಡೆ ಹೋಗುವ ಮಟಾಟು ವ್ಯಾನ್ ಹತ್ತಿದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಎರಡು ಸಲ ಮೂಗು ಏರಿಸಿ, ಎದ್ದು ಹಿಂದಿನ ಸೀಟಿಗೆ ಹೋದಳು.

ಧನಂಜಯ್ ಬಾಗಿಲು ತೆಗೆದ. ಬಿಸಿಲಿಗೆ ಕಪ್ಪಾಗಿದ್ದ, ಸೊರಗಿದ್ದ.

"ನೀವೇ ಯಾಕೆ ತೊಂದ್ರೆ ತಗೊಂಡ್ರಿ? ಬದರೀನಾಥ್ ಸರ್ ಹತ್ರ..."

"ಫಸ್ಟ್ ಇದನ್ನ ಮೂಸಿ ನೋಡಿ," ಎಂದು ಬಿಲ್ಲೆಯನ್ನು ಅವನ ಕೈಗಿತ್ತಳು. "ಆಮೇಲೆ ಏನು ಬೈತೀರೋ ಬೈರಿ."

ಅವನು ಮೂಸಿದ. ಹುಬ್ಬು ಗಂಟಿಕ್ಕಿತು. ಮತ್ತೆ ಮೂಸಿದ.

"ಇದು... ಇಂಗಾ?"

"ಚಿಕ್ಕಮ್ಮ ಇಂಗಿನ ಡಬ್ಬದಲ್ಲಿಟ್ಟಿದ್ರು. ತಪ್ಪು ಅವರದ್ದಲ್ಲ, ನಂದು. ನೋಡೋಕೂ ಹೋಗ್ಲಿಲ್ಲ ನಾನು. ನಿಮಗೆ ಹೇಳೋಕೆ ಮುಖ ಇರ್ಲಿಲ್ಲ, ಅದಕ್ಕೇ ಫೋನ್ ಎತ್ಲಿಲ್ಲ..." ಅವಳ ಕಣ್ಣು ತುಂಬಿ ಬಂತು.

"ಅದಕ್ಕೇನಾ?"

"ಹೂಂ."

"ಬೇರೆ ಯಾವ ಕಾರಣಾನೂ ಇಲ್ವಾ?"

"ಬೇರೆ ಏನಿರತ್ತೆ?"

ಅವನು ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತ. ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಅಳುತ್ತಿದ್ದಾನೋ ಎಂದು ಗಗನಾ ಹೆದರಿ ಬಗ್ಗಿ ನೋಡಿದಳು. ಅವನು ನಗುತ್ತಿದ್ದ, ಭುಜ ಅಲುಗಾಡುವಷ್ಟು ನಗುತ್ತಿದ್ದ.

"ಆರು ವಾರದಿಂದ ನಿದ್ದೆ ಇಲ್ಲ ನಂಗೆ," ಎಂದ. "ಇಂಗಂತೆ."

"ನಿಮಗೆ ಬೇಜಾರಿಲ್ವಾ?"

"ಇದೆ, ತುಂಬಾ ಇದೆ. ಇಪ್ಪತ್ತೈದು ವರ್ಷದ ಟೀ ಅದು. ಆದ್ರೆ ನಾನು ನಿಮ್ಮನ್ನೇ ಕಳ್ಕೊಂಡೆ ಅಂದ್ಕೊಂಡಿದ್ದೆ ಗಗನಾ. ಬನ್ನಿ ಒಳಗೆ, ನೀರಿಡೋಣ."

ಗಗನಾಗೆ ವಾರಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಅಲ್ಲೇ ಮೆಟ್ಟಿಲ ಮೇಲೆ ಇಳಿದು ಹೋಯಿತು. ಚಪ್ಪಲಿ ಬಿಟ್ಟು ಅವನ ಹಿಂದೆ ಒಳಗೆ ಹೋದಳು.

ಮೊದಲ ನೀರು ಚೆಲ್ಲಿದಾಗ ಮನೆಯೆಲ್ಲ ಸಾರಿನ ಘಮ. ಗೇಟಿನ ಕಾವಲುಗಾರ ಕಿಟಕಿಯಲ್ಲಿ ಇಣುಕಿ, ಅಡುಗೆ ಏನು ಅಂತ ಸ್ವಾಹಿಲಿಯಲ್ಲಿ ವಿಚಾರಿಸಿಕೊಂಡು ಹೋದ. ಎರಡನೆಯದು ಕುಡಿಯುವಂತಿರಲಿಲ್ಲ. ಮೂರನೆಯದನ್ನು ಇಬ್ಬರೂ ಮುಖ ಹಿಂಡಿಕೊಂಡು ಕುಡಿದರು. ಆರನೆಯದಕ್ಕೆ ಗಗನಾ ಕಣ್ಣು ಮುಚ್ಚಿದಳು.

"ಇಂಗು ಇದೆ. ಆದ್ರೆ ಹಿಂದೆ ಸರಿದಿದೆ. ಮುಂದೆ ಕರ್ಪೂರದ ತಂಪು ಇದೆ. ಒಣದ್ರಾಕ್ಷಿ... ಅಜ್ಜಿ ಟೀ ಇನ್ನೂ ಇದೆ ಧನಂಜಯ್."

"ರಿಜೆಕ್ಟ್ ಅಲ್ವಾ ಹಾಗಾದ್ರೆ?"

"ಉಹೂಂ." ಅವಳು ಬಟ್ಟಲು ಕೆಳಗಿಟ್ಟಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು. "ಜೂನ್‌ನಲ್ಲಿ ಕೇಳಿದ್ರಲ್ಲ, ಅವತ್ತೇ ನನ್ನ ಉತ್ತರ ಹೂಂ ಅಂತಾನೇ ಇತ್ತು. ಇವತ್ತೂ ಅದೇ."

ಧನಂಜಯ್ ಕೈ ಚಾಚಿ ಅವಳ ಬೆರಳು ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ.

"ಲೋಕಿಗೆ ಬರೋಕೆ ಆಗಲ್ಲ ಅಂತ ಸೋಮವಾರ ಬರೀತೀನಿ," ಎಂದ ಕೊನೆಗೆ.

"ಸೋಮವಾರ ಯಾಕೆ? ಈಗಲೇ ಬರೀರಿ. ನಾನು ಇಲ್ಲೇ ಕೂತಿರ್ತೀನಿ."

"ಟೀ ಆರೋಗತ್ತೆ."

"ಆರಲಿ," ಎಂದಳು ಗಗನಾ, "ನಂಗೇನೂ ಅವಸರ ಇಲ್ಲ."